ಒಂದು ಅಳತೆ ದೊಡ್ಡದು

ದರ್ಜಿಯ ಐದು ವರ್ಷದ ಮಗಳನ್ನು ಮನೆಯವರೆಲ್ಲ ಚಿಲಿಪಿಲಿ ಎಂದೇ ಕರೆಯುತ್ತಿದ್ದರು. ಬಾಯಿಗೆ ಬಿಡುವಿರಲಿಲ್ಲ, ಆದರೆ ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಶಾಲೆಗೆ ತಪಾಸಣೆಗೆ ಬಂದ ವೈದ್ಯರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಅಲ್ಲಿಂದ ಶುರುವಾದ ಓಡಾಟ ದೊಡ್ಡಾಸ್ಪತ್ರೆಯ ಹೃದಯ ವಿಭಾಗಕ್ಕೆ ಬಂದು ನಿಂತಿತು.

"ಮಗು ಹೊಟ್ಟೇಲಿರೋವಾಗ ಹೃದಯದ ಹತ್ರ ಎರಡು ದೊಡ್ಡ ರಕ್ತನಾಳಗಳ ಮಧ್ಯೆ ಒಂದು ಒಳದಾರಿ ಇರುತ್ತೆ," ಎಂದು ಡಾಕ್ಟರಮ್ಮ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. "ಹುಟ್ಟಿದ ಮೇಲೆ ತಾನಾಗೇ ಮುಚ್ಕೊಳ್ಳುತ್ತೆ. ಇವಳದು ಮುಚ್ಚಿಲ್ಲ. ಎದೆ ಕೊಯ್ಯೋದು ಬೇಡ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ, ಅಲ್ಲೊಂದು ಬಿರಡೆ ಕೂರಿಸ್ತೀವಿ."

ಹೆಂಡತಿ ಮೂರು ವಾರದ ಕೂಸಿನೊಂದಿಗೆ ಮನೆಯಲ್ಲಿದ್ದಳು. ಹಾಗಾಗಿ ದರ್ಜಿಯ ಜೊತೆಗೆ ಬಂದವರು ಅವನ ಅತ್ತೆ. ಅತ್ತೆ-ಅಳಿಯನ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. "ಊಟ ಆಯ್ತಾ?", "ಆಯ್ತು" ಎನ್ನುವುದರಲ್ಲೇ ಏಳು ವರ್ಷ ಕಳೆದಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಮಗುವನ್ನು ಒಳಗೆ ಕರೆದೊಯ್ದರು. ಇಬ್ಬರೂ ಒಂದು ಕುರ್ಚಿ ಬಿಟ್ಟು ಕೂತರು. ಒಂದು ಗಂಟೆಯ ಮೇಲೆ ಬಾಗಿಲು ತೆರೆದು ಡಾಕ್ಟರಮ್ಮನೇ ಬಂದಾಗ ದರ್ಜಿ ದಡಕ್ಕನೆ ಎದ್ದ.

"ಮಗು ಆರಾಮಾಗಿದ್ದಾಳೆ, ಅದನ್ನ ಮೊದಲು ಕೇಳಿಸ್ಕೊಳ್ಳಿ," ಎಂದರು ಅವರು. "ನಾವು ಕೂರಿಸಿದ ಬಿರಡೆ ನಿಲ್ಲಲಿಲ್ಲ, ಮುಂದಕ್ಕೆ ಜಾರಿತು. ತಂತಿಯ ಕುಣಿಕೆ ಹಾಕಿ ಹಿಡಿದು, ಹೊರಗೆ ತೆಗೆದಿದ್ದೀವಿ. ಈಗಲೇ ಒಂದು ಅಳತೆ ದೊಡ್ಡದು ಹಾಕಬಹುದು. ಬೇಡ ಅಂದ್ರೆ ಇವತ್ತಿಗೆ ನಿಲ್ಲಿಸಿ, ಇನ್ನೊಂದು ದಿನ ಮಾಡ್ತೀವಿ."

"ನಾನೂ ದಿನಾ ಅಳತೆ ತಗೊಳ್ಳೋನೇ, ಮೇಡಂ. ಈ ಸಲ ಸರಿಹೋಗುತ್ತೆ ಅಂತ ಹೇಗೆ ಹೇಳ್ತೀರಿ?"

"ಆ ದಾರಿ ನಾವು ಅಂದ್ಕೊಂಡಿದ್ದಕ್ಕಿಂತ ಹೆಚ್ಚು ಹಿಗ್ಗುತ್ತೆ ಅಂತ ಈಗ ಗೊತ್ತಾಗಿದೆ. ಆದ್ರೂ ಖಂಡಿತ ಅಂತ ಮಾತು ಕೊಡಲ್ಲ."

ದರ್ಜಿ ಅತ್ತೆಯ ಕಡೆ ನೋಡಿದ. ಅವರೂ ಎದ್ದು ನಿಂತು, "ನಿಮ್ಮ ಕೈ ದಣಿದಿದೆಯೇನಮ್ಮಾ?" ಎಂದು ಕೇಳಿದರು.

ಡಾಕ್ಟರಮ್ಮ ಎರಡೂ ಕೈ ಮುಂದೆ ಚಾಚಿ ಒಂದು ಕ್ಷಣ ತಾವೇ ನೋಡಿಕೊಂಡರು. "ಇಲ್ಲಮ್ಮ."

"ನನಗಿಷ್ಟು ಸಾಕು. ಆದ್ರೆ ತಂದೆ ಇವರು, ಇವರೇ ಹೇಳ್ಲಿ."

"ಹಾಕಿ, ಮೇಡಂ," ಎಂದ ದರ್ಜಿ.

ಬಾಗಿಲು ಮುಚ್ಚಿತು. ಅತ್ತೆ ಈಗ ಅವನ ಪಕ್ಕದ ಕುರ್ಚಿಯಲ್ಲೇ ಕೂತರು.

"ಕೂಸಾಗಿದ್ದಾಗ ಹಾಲು ಕುಡಿಯೋವಾಗೆಲ್ಲ ಬೆವರೋಳು," ಎಂದರು ಮೆಲ್ಲಗೆ. "ಸೆಖೆಗೆ ಅಂದ್ಬಿಟ್ಟೆ. ಡಾಕ್ಟರಿಗೆ ತೋರಿಸೋಣ ಅಂದ ನಿಮ್ಮಿಬ್ಬರ ಬಾಯಿ ಮುಚ್ಚಿಸಿದೋಳು ನಾನೇ."

"ಎರಡು ವರ್ಷದಿಂದ ಅವಳ ಎದೆಯ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇತ್ತು ಅತ್ತೆ. ಹಳೇ ಫ್ರಾಕೇ ಆಗುತ್ತಲ್ಲ, ಬಟ್ಟೆ ಉಳೀತು ಅಂತ ನಾನು ಖುಷಿಪಟ್ಟೆ."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. "ಇಬ್ಬರೂ ಒಳ್ಳೇ ಜಾಣರು ಬಿಡಿ," ಎಂದರು. ಅವನಿಗೆ ಅಳುವಿನ ನಡುವೆಯೇ ನಗು ಬಂತು.

ಮುಕ್ಕಾಲು ಗಂಟೆಯ ನಂತರ ಡಾಕ್ಟರಮ್ಮ ಮತ್ತೆ ಬಂದರು. "ಕೂತಿದೆ. ತಂತಿಯಿಂದ ಬಿಡೋ ಮುಂಚೆ ಎರಡು ಸಲ ಎಳೆದು ನೋಡಿದೆ. ಸೋರಿಕೆ ಇಲ್ಲ." ದರ್ಜಿಯ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಕೈ ಮುಗಿಯಲು ಹೋದವನು ಗೋಡೆ ಹಿಡಿದುಕೊಂಡು ನಿಂತ.

ಹೆಂಡತಿಗೆ ಫೋನ್ ಮಾಡಿ ಎಲ್ಲ ಸರಿಹೋಯಿತೆಂದ. ಅವಳು ನಂಬಲಿಲ್ಲ. "ನಿಮ್ಮ ದನಿ ಯಾಕೆ ಹೀಗಿದೆ? ನಿಜ ಹೇಳಿ." ಅತ್ತೆ ಫೋನ್ ಕಿತ್ತುಕೊಂಡರು. "ಮೊದಲ ಸಲ ಜಾರಿತ್ತು ಕಣೇ, ಎರಡನೇ ಸಲ ಕೂತಿದೆ. ಮಗು ಚೆನ್ನಾಗಿದೆ, ನಿನ್ನ ಗಂಡ ಗಟ್ಟಿಯಾಗಿ ನಿಂತ. ನೀನು ಮೊದಲು ಎರಡು ತುತ್ತು ತಿನ್ನು."

ವಾರ್ಡಿನಲ್ಲಿ ಚಿಲಿಪಿಲಿಗೆ ಎಚ್ಚರವಾಯಿತು. ಕೊಳವೆ ಹಾಕಿದ ಕಾಲನ್ನು ಆರು ಗಂಟೆ ಹೊತ್ತು ಮಡಚಬಾರದು ಎಂದು ನರ್ಸ್ ಹೇಳಿಹೋದರು. ಅತ್ತೆ ಮೊಣಕಾಲು ಒತ್ತಿ ಹಿಡಿದರು, ದರ್ಜಿ ಪಾದ ಹಿಡಿದ.

"ನೀವಿಬ್ಬರೂ ಯಾಕೆ ನನ್ನ ಕಾಲು ಹಿಡ್ಕೊಂಡಿದ್ದೀರಿ?" ಎಂದು ಅವಳು ಮುಖ ಗಂಟಿಕ್ಕಿದಳು. "ಏನು ತಪ್ಪು ಮಾಡಿದ್ದೀರಿ?"