ರಶ್ಮಿತಾಳ ಚೀಲ

ರಶ್ಮಿತಾ ಆಗ ಏಳು ತಿಂಗಳ ಬಸುರಿ. ಹೆತ್ತೂರು ಕಡೆಯ ಎಸ್ಟೇಟಿನ ಇಳಿಜಾರಿನಲ್ಲಿ, ಮುಂದೆ ಕಟ್ಟಬೇಕಾದ ಚೀಲವನ್ನು ಸೊಂಟದ ಪಕ್ಕಕ್ಕೆ ಕಟ್ಟಿಕೊಂಡು ಕಾಫಿಹಣ್ಣು ಬಿಡಿಸುತ್ತಿದ್ದಳು. ಸಂಜೆ ಸ್ಟೋರಿನಲ್ಲಿ ಐವತ್ತು ಕೆಜಿ ತೂಗದಿದ್ದರೆ ಅರ್ಧ ಹಾಜರಿ. ಮೂರು ದಿನ ಕಮ್ಮಿಯಾದರೆ ಹೆಸರು ಹೊಡೆದುಹಾಕಿ, ಆಳುಗಳಿಗೆಂದು ಎಸ್ಟೇಟು ಕೊಟ್ಟ ಲೈನ್ ಮನೆಯನ್ನೂ ಬಿಡಿಸುತ್ತಿದ್ದರು. ಆದರೂ ಅವಳದು ಒಂದು ದಿನವೂ ಕಮ್ಮಿ ಬಿದ್ದಿರಲಿಲ್ಲ.

ಅದು ಹೇಗೆಂದು ಲೈನಿನ ಹೆಂಗಸರಿಗಷ್ಟೇ ಗೊತ್ತಿತ್ತು. ಗುಟ್ಟು ಹೊರಗೆ ಬಂದದ್ದು ಅದೇ ಲೈನಿನಲ್ಲಿ ಹುಟ್ಟಿದ ನಯನಾಳಿಂದ.

ಡಿಗ್ರಿ ಮುಗಿಸಿದ ನಯನಾಗೆ ಒಂದು ಕಂಪನಿಗೆ ಜನ ಹುಡುಕಿಕೊಡುವ ಕೆಲಸ ಸಿಕ್ಕಿತ್ತು. ಹೊಸ ಆಪ್ ಮಾಡುವವರು, ಅದು ಯಾವ ಕೆಲಸಕ್ಕೋ ಆ ಕೆಲಸದವರನ್ನೇ ಮೊದಲು ಕೂರಿಸಿಕೊಂಡು ಮಾತಾಡಿಸುತ್ತಾರೆ. ಅವರನ್ನು ಒಪ್ಪಿಸಿ ಕರೆತರುವವಳು ಇವಳು. ಈ ಸಲದ್ದು ಹಣ್ಣು ತೂಗುವ ಆಪ್, ತೋಟದ ಸಾಹುಕಾರರಿಗೆ ಮಾರಲೆಂದೇ ಮಾಡಿದ್ದು. ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಲೈನಿನ ಹಿರಿಯ ಹೆಂಗಸು ಭದ್ರಮ್ಮನ ಮುಂದೆ ಕೂತು, "ನಿಮ್ಗೇ ಅನುಕೂಲ ಕಣ್ ದೊಡ್ಡವ್ವ. ಏನ್ ಹೇಳಿದ್ರೂ ಸಾವ್ಕಾರ್ರ ಕಿವಿಗೆ ಹೋಗಲ್ಲ" ಎಂದುಬಿಟ್ಟಳು.

"ನೀನೇ ಕರೀತಿದ್ದೀಯಲ್ಲ ಮಗ, ಇನ್ನೇನು" ಎಂದ ಭದ್ರಮ್ಮ ಒಗೆದ ಸೀರೆ ಉಟ್ಟುಕೊಂಡು ಆನೇಮಹಲ್‌ಗೆ ಬಂದಳು.

ಅಲ್ಲಿ ಬಾಡಿಗೆಯ ಕೋಣೆಯಲ್ಲಿ ಕಂಪನಿಯ ಶೃತಿ ಟೀ ಕೊಟ್ಟು, ಕ್ಯಾಮೆರಾ ಇಟ್ಟು, ನಗುನಗುತ್ತಾ ಕೇಳಿದಳು. "ಯಾರಿಗಾದ್ರೂ ಹಣ್ಣು ಕಮ್ಮಿಯಾದ್ರೆ ಏನು ಮಾಡ್ತೀರಮ್ಮ?"

ಭದ್ರಮ್ಮ ನಯನಾಳ ಮುಖ ನೋಡಿದಳು. ಬೇಡ ಎಂದು ನಯನಾ ಕಣ್ಣಲ್ಲೇ ಹೇಳಬಹುದಿತ್ತು. ಆದರೆ ಬಾಯಿ ಬಿಟ್ಟು ಮಾತಾಡುವವರನ್ನು ತಂದರೆ ಮುಂದಿನ ಕೆಲಸವೂ ತನಗೇ ಎಂಬ ಆಸೆ. "ಹೇಳು ದೊಡ್ಡವ್ವ" ಎಂದಳು.

"ಅದ್ರಾಗೇನೈತೆ? ತೂಕಕ್ಕೆ ಮುಂಚೆ ನಾವೇ ಒಂದೊಂದ್ ಬೊಗಸೆ ಸುರುದ್ಬುಡ್ತೀವಿ. ಈಗ ರಶ್ಮಿತಾ ಬಸ್ರಿ, ಬಗ್ಗಕ್ಕಾಗಲ್ಲ. ನಾನು ಬಸ್ರಿ ಇದ್ದಾಗ ಈ ನಯನಾನ್ ಅವ್ವನೇ ನನ್ ಚೀಲ ತುಂಬ್ಸಿದ್ಲು."

"ತುಂಬಾ ಒಳ್ಳೆ ಪಾಯಿಂಟ್" ಎಂದು ಶೃತಿ ಬರೆದುಕೊಂಡಳು.

ಹದಿನೈದು ದಿನಕ್ಕೆ ಆಪ್ ಎಸ್ಟೇಟಿಗೆ ಬಂತು. ಒಬ್ಬರ ಹಣ್ಣು ಇನ್ನೊಬ್ಬರ ಚೀಲಕ್ಕೆ ಬೀಳದ ಹಾಗೆ, ಗಂಟೆಗೊಮ್ಮೆ ಗಿಡದ ಬುಡದಲ್ಲೇ ತೂಕ. ರಶ್ಮಿತಾ ಎರಡು ದಿನ ಕಮ್ಮಿ ಬಿದ್ದಳು. ಮೂರನೆಯ ದಿನ, ಆಪ್ ಹೇಗೆ ನಡೆಯುತ್ತಿದೆ ನೋಡಿ ಬಾ ಎಂದು ಕಂಪನಿ ನಯನಾಳನ್ನೇ ಕಳಿಸಿತು. ನಾಚಿಕೆಯಾಯಿತು. ಆದರೂ ಹೋದಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಟರಾಜ್ ತಕ್ಕಡಿ ಹಿಡಿದು ಸಾಲಿಗೆ ಬಂದ. ಗಂಟೆಗೆ ಆರು ಕೆಜಿಗೂ ಮೇಲೆ ಬೇಕಿತ್ತು, ರಶ್ಮಿತಾಳದು ನಾಲ್ಕು ಕೆಜಿ. ಪಕ್ಕದ ಕಲ್ಯಾಣಮ್ಮನದು ನಾಲ್ಕು. ಅವಳಾಚೆಯವಳದೂ ನಾಲ್ಕು. ಹದಿನಾರು ಹೆಂಗಸರಲ್ಲಿ ಒಬ್ಬಳೂ ನಾಲ್ಕು ದಾಟಿರಲಿಲ್ಲ. ಗಿಡಗಳಲ್ಲಿ ಹಣ್ಣು ಮಾಗಿ ಉದುರುತ್ತಿತ್ತು.

"ಇದೇನ್ ಮಾರಾಯ್ತಿ, ಎಲ್ರುನೂ ತೆಗುದ್ಹಾಕ್ಬೇಕಾ?" ಎಂದ ನಟರಾಜ್.

"ಹಾಕಿ ರೈಟ್ರೇ. ಹಣ್ಣ ನೀವೇ ಕುಯ್ಕಳಿ" ಎಂದಳು ಭದ್ರಮ್ಮ.

ನಟರಾಜ್ ತಕ್ಕಡಿ ಕೆಳಗಿಟ್ಟು, ಸಾಹುಕಾರರಿಗೆ ಫೋನ್ ಮಾಡಲು ಮೇಲಿನ ದಾರಿಗೆ ಹತ್ತಿದ. ನಯನಾ ಹತ್ತಿರ ಹೋದಳು. "ದೊಡ್ಡವ್ವ, ನನ್ನಿಂದ್ಲೇ ಹಿಂಗಾಯ್ತು" ಎಂದಳು.

ಭದ್ರಮ್ಮ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, ತೋಟ ನೋಡಲು ಬಂದ ಹೊರಗಿನವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು.

"ಬರ್ಕಳಿ ಮೇಡಂ. ಎಲ್ರುದೂ ನಾಲ್ಕೇ."