ಅಪ್ಪಣೆ ಬಾರದ ತೋಳು

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾರ್ಮಿನ್ ಬಾಯಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದರು. ಊರಿನ ಅರ್ಧದಷ್ಟು ಹೆಂಗಸರ ರವಿಕೆ ಅಳತೆ ಅವರಿಗೆ ಬಾಯಿಪಾಠ. ಒಂದು ಭಾನುವಾರ ಚರ್ಚಿನ ಪೂಜೆಯಲ್ಲಿ ಫಾದರ್, "ಪ್ರತಿ ಹೆಜ್ಜೆಗೂ ದೇವರನ್ನು ಕೇಳಿ, ಅವರು ತೋರಿಸಿದ ಕಡೆ ನಡೆಯಿರಿ" ಎಂದು ಬೋಧಿಸಿದರು. ಉಳಿದವರು ಅದನ್ನು ಕೇಳಿ ಮನೆಗೆ ಹೋಗಿ ಊಟ ಮಾಡಿದರು. ಕಾರ್ಮಿನ್ ಬಾಯಿ ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಗಂಡ ಇನಾಸ್ ಎದ್ದು ಬಂದಾಗ ಅವರು ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು.

"ಎಂತ ಮಾಡ್ತಿದ್ದೀ?"

"ಇಡ್ಲಿಯೋ ದೋಸೆಯೋ ಅಂತ ಕೇಳ್ತಿದ್ದೀನಿ."

"ನನ್ನನ್ನ ಕೇಳು, ಹೇಳ್ತೀನಿ."

"ನಿಮ್ಮನ್ನಲ್ಲ."

ಒಂಬತ್ತು ಗಂಟೆಯಾದರೂ ಉತ್ತರ ಬರಲಿಲ್ಲ. ಪಂಪ್‌ಸೆಟ್ ರಿಪೇರಿ ಮಾಡುವ ಇನಾಸ್ ಎರಡು ಬಾಳೆಹಣ್ಣು ತಿಂದು ಕೆಲಸಕ್ಕೆ ಹೋದರು. ಬುಧವಾರ ಮೀನಿನ ಗಾಡಿ ಬಂತು. ಬಂಗುಡೆಯೋ ಬೂತಾಯಿಯೋ, ಯಾವ ಮೀನು ಕೊಳ್ಳಲಿ ಎಂದು ಕಾರ್ಮಿನ್ ಬಾಯಿ ಕಣ್ಣು ಮುಚ್ಚಿದರು. ಓಣಿಯ ಬೆಕ್ಕುಗಳೆಲ್ಲ ಬಂದು ಸುತ್ತ ಕೂತವು. ಮೀನಿನವನು ಸ್ವಲ್ಪ ಹೊತ್ತು ಕಾದು, "ಬಾಯಿ, ದೇವರು ಹೇಳೋದ್ರೊಳಗೆ ನನ್ನ ಐಸ್ ಕರಗ್ತದೆ" ಎಂದು ಹೊರಟುಹೋದ.

ಗುರುವಾರ ಕಡಹಿನಬೈಲಿನ ಪ್ರೇಮಕ್ಕ ತಮ್ಮ ರವಿಕೆ ಒಯ್ಯಲು ಅಂಗಡಿಗೆ ಬಂದರು. ಮರುದಿನವೇ ಅವರ ಮಗಳು ನಿಶ್ಚಿತಾಳ ನಿಶ್ಚಿತಾರ್ಥ. ರವಿಕೆಯನ್ನು ಬಿಚ್ಚಿ ಹಿಡಿದು, ತಿರುಗಿಸಿ, ಇನ್ನೊಮ್ಮೆ ನೋಡಿದರು.

"ಬಾಯಿ, ಇದಕ್ಕೆ ಒಂದೇ ತೋಳಿದೆ."

"ಹೌದು. ಎಡದ್ದಕ್ಕೆ ಅಪ್ಪಣೆ ಆಯ್ತು. ಬಲದ್ದಕ್ಕೆ ಇನ್ನೂ ಆಗಿಲ್ಲ."

"ಯಾರ ಅಪ್ಪಣೆ?"

ಕಾರ್ಮಿನ್ ಬಾಯಿ ಮೇಲಕ್ಕೆ ಬೆರಳು ತೋರಿಸಿದರು. ಪ್ರೇಮಕ್ಕ ಮೇಲೆ ನೋಡಿದರು. ಅಲ್ಲಿ ಫ್ಯಾನ್ ತಿರುಗುತ್ತಿತ್ತು.

ವಿಷಯವೆಲ್ಲ ತಿಳಿದ ಮೇಲೆ ಪ್ರೇಮಕ್ಕ ಸ್ಟೂಲಿನ ಮೇಲೆ ಕೂತರು. "ನಂಗೂ ಭಕ್ತಿ ಉಂಟು ಮಾರಾಯ್ತಿ. ಲಿಂಗಪೂಜೆ ಮಾಡ್ದೆ ಒಂದು ಹನಿ ನೀರು ಕುಡಿಯಲ್ಲ. ಆದ್ರೆ ಬೀಗರ ಎದುರು ಒಂದೇ ತೋಳಲ್ಲಿ ನಿಲ್ಲು ಅಂತ ನಮ್ಮ ಶಿವ ಯಾವತ್ತೂ ಹೇಳಿಲ್ಲ. ನಿಮ್ಮ ಫಾದರ್ ಹತ್ರ ಹೋಗಿ ಕೇಳ್ಕಂಡು ಬನ್ನಿ. ನಾನು ಇಲ್ಲೇ ಕೂತಿರ್ತೀನಿ."

ಫಾದರ್ ಚರ್ಚಿನ ಅಂಗಳದಲ್ಲಿ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಇಡ್ಲಿ, ಬಂಗುಡೆ, ತೋಳು ಎಲ್ಲವನ್ನೂ ಕೇಳಿಸಿಕೊಂಡು, ನಗು ಬಾರದಿರಲಿ ಎಂದು ಕೆಮ್ಮಿದರು.

"ತೋಳು ಹಚ್ಚಕ್ಕೆ ದೇವರು ನಿಮಗೆ ಕೈ ಕೊಟ್ಟಿದ್ದಾರೆ, ಬುದ್ಧಿ ಕೊಟ್ಟಿದ್ದಾರೆ. ಮತ್ತೆ ಬೇರೆ ಅಪ್ಪಣೆ ಬೇಡ. ಆದ್ರೆ ಬಾಯಿ, ಒಂದು ಮಾತು. ದೇವರು ಆಗಲೇ ಹೇಳಿಯೂ ನೀವು ಕೇಳಿಸದ ಹಾಗೆ ಇರೋದು ಏನಾದ್ರೂ ಉಂಟಾ?"

"ಇಲ್ಲ ಫಾದರ್" ಎಂದರು ಕಾರ್ಮಿನ್ ಬಾಯಿ. ತುಂಬಾ ಬೇಗ ಹೇಳಿಬಿಟ್ಟೆ ಎಂದು ಅವರಿಗೇ ಅನಿಸಿತು.

ಅಂಗಡಿಗೆ ಬಂದು ಹತ್ತೇ ನಿಮಿಷದಲ್ಲಿ ತೋಳು ಹಚ್ಚಿ ಪ್ರೇಮಕ್ಕನನ್ನು ಕಳಿಸಿದರು. ಆಮೇಲೆ ಮಷಿನ್ನಿನ ಮುಂದೆ ಸುಮ್ಮನೆ ಕೂತರು. ಶೆಟ್ಟಿಕೊಪ್ಪದ ಸೆವ್ರಿನ್ ಬಾಯಿ ಕಣ್ಣ ಮುಂದೆ ಬಂದರು.

ಮೂರು ವರ್ಷದ ಹಿಂದಿನ ಮಾತು. ಕ್ರಿಸ್‌ಮಸ್‌ಗೆ ಮಾಡುವ ಕಿಡಿಯೋ ಎಂಬ ಪುಟ್ಟ ಸಿಹಿತಿಂಡಿಯಲ್ಲಿ ಸೆವ್ರಿನ್ ಬಾಯಿಯದು ಎತ್ತಿದ ಕೈ. ಎಲ್ಲರೂ ಅದನ್ನೇ ಹೊಗಳುತ್ತಿದ್ದಾಗ ಕಾರ್ಮಿನ್ ಬಾಯಿ, ಚರ್ಚಿನ ಅಂಗಳದಲ್ಲಿ ಎಲ್ಲರ ಎದುರು, ಆ ಕಿಡಿಯೋ ಕಚ್ಚಿ ತನ್ನ ಗಂಡನ ಹಲ್ಲು ಮುರಿಯಿತೆಂದು ಹೇಳಿಬಿಟ್ಟರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಸೆವ್ರಿನ್ ಬಾಯಿ ಕಿಡಿಯೋ ಮಾಡಲಿಲ್ಲ, ಪೂಜೆಗೂ ಇಲ್ಲಿಗೆ ಬಾರದೆ ಕೊಪ್ಪ ಪೇಟೆಯ ಚರ್ಚಿಗೆ ಹೋಗತೊಡಗಿದರು. ಜಪಸರ ಹಿಡಿದಾಗಲೆಲ್ಲ ಕಾರ್ಮಿನ್ ಬಾಯಿಗೆ 'ಹೋಗಿ ನಿಜ ಹೇಳು' ಎಂದು ಒಳಗಿನಿಂದ ಕೇಳಿಸುತ್ತಿತ್ತು. ಆಗೆಲ್ಲ ಅವರು ಜಪವನ್ನು ಜೋರು ಮಾಡುತ್ತಿದ್ದರು.

ಇಡ್ಲಿಗೆ ಬಾರದ ಉತ್ತರ ಇದಕ್ಕೆ ಕೇಳುವ ಮೊದಲೇ ಬಂದಿತ್ತು. ಹೋಗಲು ಮನಸ್ಸಿರಲಿಲ್ಲ, ಅಷ್ಟೇ. ಎರಡು ದಿನ ಒದ್ದಾಡಿ, ಶನಿವಾರ ಅಂಗಡಿಗೆ ಬೀಗ ಹಾಕಿ ಶೆಟ್ಟಿಕೊಪ್ಪದ ಬಸ್ಸು ಹತ್ತಿದರು.

ಸೆವ್ರಿನ್ ಬಾಯಿಯ ಗಂಡ ಪಾಸ್ಕಲ್ ಅಂಗಳದಲ್ಲಿ ಕಾಳುಮೆಣಸು ಒಣಗಿಸುತ್ತಿದ್ದರು. ಇವರನ್ನು ಕಂಡವರೇ ಒಳಗೆ ಹೋಗಿ, ಏನೋ ಪಿಸುಗುಟ್ಟಿ, ಹೊರಗೆ ಬಂದರು.

"ಅವಳು ಮನೇಲಿಲ್ಲ."

"ಎಲ್ಲಿಗೆ ಹೋಗಿದ್ದಾಳೆ?"

ಪಾಸ್ಕಲ್ ಬಾಗಿಲ ಕಡೆ ತಿರುಗಿ, "ಎಲ್ಲಿಗೆ ಹೋಗಿದ್ದೀ?" ಎಂದು ಕೇಳಿದರು.

"ಕೊಪ್ಪಕ್ಕೆ" ಎಂದು ಬಾಗಿಲ ಹಿಂದಿನಿಂದ ಬಂತು.

"ಕೊಪ್ಪಕ್ಕೆ" ಎಂದರು ಪಾಸ್ಕಲ್.

ಕಾರ್ಮಿನ್ ಬಾಯಿಗೆ ಒಂದು ಕ್ಷಣ ಎದೆ ಹಗುರವಾಯಿತು. ಬಂದಿದ್ದೆ, ಇರಲಿಲ್ಲ ಎಂದು ತಿರುಗಿ ಹೋಗಬಹುದಿತ್ತು. ವಾಪಸ್ ಬಸ್ಸೂ ಇತ್ತು. ಅವರು ಹೋಗಲಿಲ್ಲ, ಜಗಲಿಯ ಮೇಲೆ ಕೂತರು.

"ಪಾಸ್ಕಲಣ್ಣ, ಅವಳು ಕೊಪ್ಪದಿಂದ ಬಂದ ಮೇಲೆ ಹೇಳಿ. ಇನಾಸ್ ಹಲ್ಲು ಅವಳ ಕಿಡಿಯೋದಿಂದ ಮುರೀಲಿಲ್ಲ. ದೀಪಾವಳಿಯಿಂದಲೇ ಅಲ್ಲಾಡ್ತಿತ್ತು, ಹಲ್ಲುಜ್ಜುವಾಗ ಬಿತ್ತು. ನಂಗೆ ಹೊಟ್ಟೆಕಿಚ್ಚಾಗಿ ಸುಳ್ಳು ಹೇಳಿದೆ."

ಪಾಸ್ಕಲ್ ಬಾಗಿಲ ಕಡೆ ತಿರುಗಿದರು.

"ಅಷ್ಟೇಯಾ ಅಂತ ಕೇಳಿ" ಎಂದಿತು ಬಾಗಿಲ ಹಿಂದಿನ ದನಿ.

"ಅಷ್ಟೇಯಾ?" ಎಂದರು ಪಾಸ್ಕಲ್.

"ತಪ್ಪಾಯ್ತು ಅಂತಲೂ ಹೇಳಿ" ಎಂದರು ಕಾರ್ಮಿನ್ ಬಾಯಿ.

"ತಪ್ಪಾಯ್ತಂತೆ" ಎಂದು ಪಾಸ್ಕಲ್ ಬಾಗಿಲಿಗೆ ತಿಳಿಸಿದರು. "ನಾನಿನ್ನು ಮೆಣಸು ಹರವಕ್ಕೆ ಹೋಗ್ತೀನಿ. ನೀವಿಬ್ರೂ ಮುಖ ನೋಡ್ಕಂಡು ಮಾತಾಡಿ ಮಾರಾಯ್ರೆ."

ಸೆವ್ರಿನ್ ಬಾಯಿ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. "ನನ್ನ ಕೈಯೇ ಕೆಟ್ಟುಹೋಯ್ತು ಅಂತ ತಿಳ್ಕಂಡಿದ್ದೆ ಕಣೇ. ಹಿಟ್ಟು ಮುಟ್ಟಕ್ಕೇ ಹೆದರಿಕೆ ಆಗ್ತಿತ್ತು."

ಅವಳು ಸಿಟ್ಟಿನಿಂದ ದೂರವಾಗಿದ್ದಾಳೆ ಎಂದಷ್ಟೇ ಕಾರ್ಮಿನ್ ಬಾಯಿ ತಿಳಿದಿದ್ದರು. ತನ್ನ ಸುಳ್ಳನ್ನು ಅವಳೂ ನಂಬಿದ್ದಾಳೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಸೆವ್ರಿನ್ ಬಾಯಿ ಸಮಾಧಾನ ಮಾಡಲಿಲ್ಲ, ಒಳಗೆ ಹೋಗಿ ಕಾಫಿ ತಂದಿಟ್ಟರು. ಸಕ್ಕರೆ ಹಾಕಿರಲಿಲ್ಲ. ಕಾರ್ಮಿನ್ ಬಾಯಿ ಕೇಳದೆ ಪೂರ್ತಿ ಕುಡಿದರು.

"ಎಲ್ಲರೆದುರು ಹೇಳಿದ್ದು, ಎಲ್ಲರೆದುರೇ ತೆಗೀಬೇಕು" ಎಂದರು ಸೆವ್ರಿನ್ ಬಾಯಿ.

"ನಾಳೆ ಪೂಜೆಗೆ ಬಾ. ಹೇಳ್ತೀನಿ."

ಭಾನುವಾರ ಪೂಜೆ ಮುಗಿದ ಮೇಲೆ ಕಾರ್ಮಿನ್ ಬಾಯಿ ಚರ್ಚಿನ ಅಂಗಳದಲ್ಲಿ ಏಳೆಂಟು ಹೆಂಗಸರನ್ನು ನಿಲ್ಲಿಸಿಕೊಂಡು, ಆ ಹಲ್ಲಿನ ವಿಷಯ ಸುಳ್ಳು ಎಂದರು.

"ಯಾವ ಹಲ್ಲು?" ಎಂದು ಒಬ್ಬರು ಕೇಳಿದರು.

ಯಾರಿಗೂ ನೆನಪಿರಲಿಲ್ಲ. ಒಬ್ಬರಂತೂ ಇನಾಸರನ್ನು ಕರೆದು ಬಾಯಿ ತೆರೆಸಿ ಎಲ್ಲರಿಗೂ ತೋರಿಸಿದರು. ಸುಳ್ಳೆಂದು ಒಪ್ಪಿಸಬೇಕಾದರೆ ಆ ಸುಳ್ಳನ್ನು ಮೊದಲಿನಿಂದ ಹೇಳಲೇಬೇಕಾಯಿತು. ಕಿಡಿಯೋ ಕಲ್ಲಿನ ಹಾಗಿದೆ ಎಂದು ತಾನು ಅಂದದ್ದರವರೆಗೆ ಕಾರ್ಮಿನ್ ಬಾಯಿ ಬಂದಾಗ, ಪಕ್ಕದಲ್ಲಿ ನಿಂತಿದ್ದ ಸೆವ್ರಿನ್ ಬಾಯಿ ಅವರ ತೋಳು ಹಿಡಿದರು.

"ಕಲ್ಲು ಅಲ್ಲ. ಜಲ್ಲಿ ಅಂದಿದ್ದೆ ನೀನು."

"ಹೌದು, ಜಲ್ಲಿ" ಎಂದು ಕಾರ್ಮಿನ್ ಬಾಯಿ ಒಪ್ಪಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.