ಹುಣಸೆಮರದ ಬಲಕ್ಕೆ

ಮುನಿರತ್ನ ಫೋನಿನಲ್ಲಿ ಫೋಟೊ ತೆಗೆಯಲು ಶುರುಮಾಡಿದ್ದು ಹೊಸೂರಿನ ಅವಲಪಲ್ಲಿಯ ಬಾಡಿಗೆ ಮನೆಯ ಮಹಡಿ ಮೇಲೆ. ಫ್ಯಾಕ್ಟರಿಯಿಂದ ಬಂದವಳು ಕನಕಾಂಬರದ ಕುಂಡ, ಒಣಹಾಕಿದ ಬಟ್ಟೆ, ದೂರದ ಗುಡ್ಡ, ಕಂಡದ್ದೆಲ್ಲ ತೆಗೆಯುತ್ತಿದ್ದಳು. ಜೊತೆಗೆ ಕೆಲಸ ಮಾಡುವವರೊಬ್ಬರು ಅವಳನ್ನು ಫೋಟೊ ಹುಚ್ಚಿನವರ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅಲ್ಲಿ ಯಾರಿಗೂ ಅದು ಕಸುಬಲ್ಲ. ಒಬ್ಬರು ಚಿತ್ರ ಹಾಕಿದರೆ ಉಳಿದವರು ತಮಗೆ ತಿಳಿದದ್ದು ಹೇಳುವರು.

ಅವಳ ಕನಕಾಂಬರ ನೋಡಿ ಯುವರಾಜ್ ಎಂಬುವನು ವಾಯ್ಸ್ ಮೆಸೇಜ್ ಕಳಿಸಿದ್ದ. “ಅಕ್ಕಾ, ಬಿಸಿಲ್ಗೆ ಬೆನ್ನು ಮಾಡ್ಬ್ಯಾಡಿ. ಎದುರಾಗಿ ನಿಂತ್ಕಂಡು ತೆಗೀರಿ. ಎಲೆ ಒಳಗೆ ಬೆಳಕು ಬತ್ತದೆ.” ಹಾಗೆ ಮಾಡಿದಾಗ ಎಲೆಯ ನರನರವೂ ಕಂಡಿತು.

ಯುವರಾಜ್ ಡೆಂಕಣಿಕೋಟೆಯವನು. ಸುತ್ತಲಿನ ಹಳ್ಳಿಗಳಿಂದ ಹಾಲು ತರುವ ವ್ಯಾನು ಓಡಿಸುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಅವನು ಮಂಜಿನಲ್ಲಿ ನಿಂತ ಹುಣಸೆಮರದ ಚಿತ್ರ ಹಾಕಿದ. ಕ್ಯಾಂಟೀನಿನಲ್ಲಿ ಅದನ್ನು ನೋಡಿದ ಮುನಿರತ್ನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. ಅದು ಅವಳೂರಿನ ಮರ. ಮರದ ಬಲಕ್ಕೆ, ಅಂಚಿನಲ್ಲಿ ಕತ್ತರಿಸಿ ಹೋದಂತೆ ಕಾಣುತ್ತಿದ್ದ ನೀಲಿ ಗೋಡೆ ಅವಳ ತವರಿನದು.

ಬೇರೆ ಜಾತಿಯ ಸುಬ್ರಮಣಿಯನ್ನು ಮದುವೆಯಾದಾಗ ಅಪ್ಪ ಹೊಸ್ತಿಲು ತುಳಿಯಬೇಡ ಎಂದಿದ್ದ. ಅಂದಿನಿಂದ ಅವಳು ಆ ಕಡೆ ಹೋಗಿರಲಿಲ್ಲ. ಅಮ್ಮ ರಾಮಕ್ಕನ ಹತ್ತಿರ ಫೋನಿಲ್ಲ.

ಅವಳು ಗುಂಪಿನಲ್ಲಿ ಬರೆದಳು: “ಚೆನ್ನಾಗೈತೆ. ಮರ ನಟ್ಟನಡುವೆ ಬಂದೈತೆ. ಫೋನು ಒಸಿ ಬಲಕ್ಕೆ ತಿರುಗಿಸಿ ನೋಡಿ.”

ಮರುದಿನದ ಚಿತ್ರದಲ್ಲಿ ಗೋಡೆ, ಬಾಗಿಲು, ಜಗುಲಿ ಎಲ್ಲ ಬಂದವು. ಗೋಡೆಗೆ ಹಬ್ಬಿದ್ದ ಸೋರೆ ಬಳ್ಳಿ ಈಗಿರಲಿಲ್ಲ. “ಯಾರಾದ್ರೂ ಮನುಷ್ಯರಿದ್ರೆ ಮರ ಎಷ್ಟು ದೊಡ್ಡದು ಅಂತ ಗೊತ್ತಾಗ್ತದೆ” ಎಂದು ಅವಳು ಮತ್ತೆ ಬರೆದಳು.

ಆಮೇಲೆ ಬಂದ ಚಿತ್ರದಲ್ಲಿ ಹೆಂಗಸೊಬ್ಬಳು ಹಾಲಿನ ಕ್ಯಾನು ಹಿಡಿದು ಮನೆಗೆ ವಾಪಸಾಗುತ್ತಿದ್ದಳು. ಬರೀ ಬೆನ್ನು. ಒಂದು ಕೈ ಸೊಂಟದ ಮೇಲಿತ್ತು. ತುರುಬು ಪೂರ್ತಿ ಬಿಳಿ.

ಗುಂಪಿನ ಹಿರಿಯ ಮೋಹನ್ ಬರೆದರು: “ಫೋಕಸ್ ತಪ್ಪಿದೆ. ಮುಖವೂ ಇಲ್ಲ. ತೆಗೆದುಹಾಕಿ, ಇನ್ನೊಮ್ಮೆ ಪ್ರಯತ್ನಿಸಿ.”

“ತೆಗೀಬ್ಯಾಡಿ” ಎಂದು ಮುನಿರತ್ನ ತಕ್ಷಣ ಬರೆದಳು.

ಅಂದು ಸಂಜೆ ಯುವರಾಜ್ ಫೋನು ಮಾಡಿದ. “ಅಕ್ಕಾ, ತಪ್ಪು ತಿಳ್ಕಾಬ್ಯಾಡಿ. ಆ ಯಮ್ಮ ನಿಮ್ಗೇನಾಗ್ಬೇಕು?”

“ನಮ್ಮಮ್ಮ” ಎಂದಳು. ಎಲ್ಲ ಹೇಳಿದ ಮೇಲೆ ಕೇಳಿದಳು: “ಮುಖ ಕಾಣಂಗೆ ಒಂದು ತೆಗೀತೀಯಾ ತಮ್ಮಾ?”

“ಕೇಳ್ದೆ ಯಾರ ಮುಖಾನೂ ತೆಗಿಯಲ್ಲ ಅಕ್ಕಾ. ಯಾರಿಗೆ ಅಂತ ಆ ಯಮ್ಮಂಗೆ ಹೇಳ್ಬೇಕಾಗ್ತದೆ.”

ಅಪ್ಪನಿಗೆ ಗೊತ್ತಾದರೆ ಅಮ್ಮ ಹಾಲು ಹಾಕಲು ಹೊರಬರುವುದೂ ನಿಲ್ಲಬಹುದು. ಆದರೂ “ಹೇಳು” ಎಂದಳು.

ಮರುದಿನ ಚಿತ್ರ ಅವಳೊಬ್ಬಳಿಗೇ ಬಂತು. ಸೆರಗು ಸರಿಮಾಡಿಕೊಂಡು ಅಮ್ಮ ನೆಟ್ಟಗೆ ನಿಂತಿದ್ದಳು. ಹಿಂದೆ ಜಗುಲಿಯಲ್ಲಿ ಅಪ್ಪ ಕೂತಿದ್ದ. ಬಿಸಿಲೆಲ್ಲ ಅಮ್ಮನ ಬೆನ್ನಿಗೆ ಬಿದ್ದು ಮುಖ ಕಪ್ಪಾಗಿತ್ತು. ಜೊತೆಗೆ ಯುವರಾಜನ ದನಿ: “ಅಕ್ಕಾ, ಬಿಸಿಲ್ಗೆ ಮುಖ ಮಾಡಮ್ಮ ಅಂದೆ. ಹೊಸೂರು ಯಾವ ಕಡೆ ಬತ್ತದಪ್ಪ ಅಂತ ಕೇಳಿದ್ರು. ಕೈ ತೋರಿಸ್ದೆ. ಆ ಕಡೆಗೇ ತಿರುಗಿ ನಿಂತ್ಬುಟ್ರು. ಎಷ್ಟು ಹೇಳಿದ್ರೂ ಬಿಸಿಲ್ ಕಡೆ ತಿರುಗಲಿಲ್ಲ. ನಿಮ್ಮಪ್ಪ ಎಲ್ಲಾ ಕೇಳಿಸ್ಕಂಡ್ರು. ಏನೂ ಅನ್ಲಿಲ್ಲ, ಎದ್ದು ಒಳಗೂ ಹೋಗ್ಲಿಲ್ಲ.”

ಸುಬ್ರಮಣಿ ಕೆಲಸದಿಂದ ಬಂದಾಗ ಅವಳು ಫೋನು ಕೈಗೆ ಕೊಟ್ಟಳು. ಅವನು ಅತ್ತೆಯನ್ನು ನೋಡಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಕೂತು ಬೆರಳಿಂದ ಬೆಳಕು ಹೆಚ್ಚಿಸಿದ. ನೆರಳಿನೊಳಗಿಂದ ಹಣೆ, ಮೂಗುಬೊಟ್ಟು, ಒಣಗಿದ ತುಟಿ ಒಂದೊಂದಾಗಿ ಮೇಲೆ ಬಂದವು.

“ಹೋಗಿ ಬರಾಣ್ವಾ?” ಎಂದ.

“ಅಪ್ಪ ಕರೀಲಿ” ಎಂದಳು ಮುನಿರತ್ನ. ಫೋನು ಇಸಿದುಕೊಂಡು ಯುವರಾಜನಿಗೆ ಬರೆಯತೊಡಗಿದಳು: ನಾಳೆ ಅಮ್ಮ ಸಿಕ್ಕಿದ್ರೆ ಸೊಂಟಕ್ಕೇನಾಗೈತೆ ಅಂತ ಕೇಳ್ತೀಯಾ?